ವಿಂಡೋಸ್ 98ರಲ್ಲಿ ಕನ್ನಡ ಪತ್ರಿಕೆ ಓದಲಾದೀತೇ?

ಪ್ರಶ್ನೆ: ತೋಟದ ಲೆಕ್ಕಕ್ಕೆಂದು ಹಿಂದೆ ಕೊಂಡ ಪೆಂಟಿಯಂ 3 ಕಂಪ್ಯೂಟರ್ ಇನ್ನೂ ಚೆನ್ನಾಗಿ ಓಡುತ್ತಿದೆ. ವಿಂಡೋಸ್ 98 ಸೆಕೆಂಡ್ ಎಡಿಷನ್, 128 ಎಂಬಿ ರ್‍ಯಾಮ್. ಡಯಲಪ್ ಮೋಡೆಮ್ ಇದೆ, ಲ್ಯಾನ್ ಪೋರ್ಟ್ ಇಲ್ಲ. ಮನೆಗೆ ಈಗ ಫೈಬರ್ ಬಂದಿದೆ. ಇದರಲ್ಲಿ ಇಂಟರ್ನೆಟ್ ನೋಡಬಹುದೇ? ಕನ್ನಡ ಪತ್ರಿಕೆ ಓದುವಷ್ಟಾದರೂ ಸಾಕು.
– ಮೂಡಿಗೆರೆ ತಾಲ್ಲೂಕಿನ ಓದುಗರು

ಉತ್ತರ: ನೋಡಬಹುದು. ಆದರೆ ಪುಟ ತೆರೆಯುವ ಕೆಲಸವನ್ನು ಇನ್ನೊಂದು ಯಂತ್ರಕ್ಕೆ ವಹಿಸಬೇಕು.

ಮೊದಲು ಸಂಪರ್ಕ. ಯುಎಸ್‌ಬಿ ವೈಫೈ ಡಾಂಗಲ್ ತರಬೇಡಿ. ಈಗಿನವಕ್ಕೆ 98ರ ಡ್ರೈವರ್ ಸಿಗುವುದಿಲ್ಲ, ನಿಮ್ಮ ರೂಟರ್ ಬಳಸುವ ಡಬ್ಲ್ಯುಪಿಎ2 ಭದ್ರತೆಯೂ 98ಕ್ಕೆ ತಾನಾಗಿ ತಿಳಿಯದು. ರಿಯಲ್‌ಟೆಕ್ 8139 ಚಿಪ್ ಇರುವ ಪಿಸಿಐ ಲ್ಯಾನ್ ಕಾರ್ಡ್ ಹುಡುಕಿ. ಊರಲ್ಲಿ ಹಳೇ ಪಿಸಿ ರಿಪೇರಿ ಮಾಡುವವರ ಬಳಿ ಕೇಳಿ, ಇಲ್ಲವಾದರೆ ಬೆಂಗಳೂರಿನ ಎಸ್.ಪಿ. ರಸ್ತೆ ಇದ್ದೇ ಇದೆ. ಮಲೆನಾಡಿನ ತೇವಕ್ಕೆ ಇಂಥ ಕಾರ್ಡುಗಳ ಅಂಚಿನ ಚಿನ್ನದ ಬಣ್ಣದ ಪಟ್ಟಿಗಳು ಮಂಕಾಗಿರುತ್ತವೆ. ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಕೊಡವಿ, ಆಮೇಲೆ ಸ್ಲಾಟಿಗೆ ಕೂರಿಸಿ.

ಡ್ರೈವರನ್ನು ಪೆನ್‌ಡ್ರೈವ್‌ನಲ್ಲಿ ಕೊಟ್ಟರೆ 98 ಅದನ್ನು ಗುರುತಿಸದೇ ಹೋಗಬಹುದು. ಸಿಡಿಗೆ ಬರೆದು ಕೊಡಿ. ನೆಟ್‌ವರ್ಕ್ ಹಾಕುವಾಗ ವಿಂಡೋಸ್ ಸಿಡಿಯನ್ನೂ ಕೇಳುತ್ತದೆ, ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ಕೇಬಲ್ ಸಿಕ್ಕಿಸಿದ ಮೇಲೆ ಸ್ಟಾರ್ಟ್, ರನ್‌ಗೆ ಹೋಗಿ winipcfg ಎಂದು ಇಂಗ್ಲಿಷಿನಲ್ಲಿ ಬರೆದು ತೆರೆಯಿರಿ. ವಿಳಾಸ 192.168ರಿಂದ ಶುರುವಾದರೆ ಸಾಮಾನ್ಯವಾಗಿ ಸರಿಯಿದೆ ಎಂದರ್ಥ. 169.254 ಬಂದರೆ ರೂಟರ್ ವಿಳಾಸ ಕೊಟ್ಟೇ ಇಲ್ಲ. ಕೇಬಲ್ಲನ್ನೂ ಡ್ರೈವರನ್ನೂ ಮತ್ತೆ ನೋಡಿ. ರೂಟರ್ ದೂರವಿದ್ದರೆ ಕ್ಲೈಂಟ್ ಮೋಡ್ ಇರುವ ಸಣ್ಣ ರೂಟರೊಂದನ್ನು ಪಿಸಿ ಪಕ್ಕ ಇಟ್ಟರಾಯಿತು. ವೈಫೈ ಅದು ಹಿಡಿಯುತ್ತದೆ, ಪಿಸಿಗೆ ಎರಡು ಮೀಟರ್ ಕೇಬಲ್ ಸಾಕು. ಮನೆಯಿಂದ ತೋಟದ ಆಫೀಸಿಗೆ ಹೊರಗಿನಿಂದ ತಾಮ್ರದ ಕೇಬಲ್ ಎಳೆಯುವುದಕ್ಕಿಂತ ಇದೇ ವಾಸಿ. ಹೂಮಳೆಯ ಕಾಲದ ಒಂದೇ ಸಿಡಿಲಿಗೆ ಎರಡೂ ತುದಿಯ ಪೋರ್ಟ್ ಸುಟ್ಟುಹೋಗಬಹುದು.

ಇಷ್ಟಾದರೂ ಇಂಟರ್ನೆಟ್ ಎಕ್ಸ್‌ಪ್ಲೋರರ್ 5 ಬಹುತೇಕ ತಾಣಗಳನ್ನು ತೆರೆಯದು. ಇದು ಕಾರ್ಡಿನ ತಪ್ಪಲ್ಲ. ಇಂದಿನ ತಾಣಗಳು 2008ರ ಟಿಎಲ್‌ಎಸ್ 1.2 ಅಥವಾ ಅದಕ್ಕೂ ಹೊಸ ಗೂಢಲಿಪಿಯಲ್ಲೇ ಮಾತಾಡುತ್ತವೆ, ಆ ಬ್ರೌಸರಿಗೆ ಅದು ಬರುವುದಿಲ್ಲ. 98ಕ್ಕೆಂದೇ ಇರುವ ರೆಟ್ರೋಜಿಲ್ಲಾ ಬ್ರೌಸರಿಗೆ ಟಿಎಲ್‌ಎಸ್ 1.2 ಗೊತ್ತು, ಆದರೆ ಭಾರೀ ಜಾವಾಸ್ಕ್ರಿಪ್ಟ್ ಇರುವ ಪುಟಗಳಲ್ಲಿ ಸೋಲುತ್ತದೆ. ಅದನ್ನು ಬಳಸುವುದಾದರೆ ಗಡಿಯಾರ ನಡೆಸುವ, ಮದರ್‌ಬೋರ್ಡಿನ ಸಿಆರ್ 2032 ಸೆಲ್ ಬದಲಿಸಿ. ಗಡಿಯಾರ ಇಸವಿ ತಪ್ಪಿದ್ದರೆ ತಾಣದ ಭದ್ರತಾ ಪ್ರಮಾಣಪತ್ರದ ದೋಷ ಬರುತ್ತದೆ.

ಕನ್ನಡದ ತೊಡಕು ಬೇರೆಯೇ. ಮೈಕ್ರೋಸಾಫ್ಟ್ ಯೂನಿಕೋಡ್ (ಇಂದಿನ ತಾಣಗಳು ಬಳಸುವ ಅಕ್ಷರ ಸಂಕೇತ) ಕನ್ನಡವನ್ನು ವಿಂಡೋಸ್‌ಗೆ ಸೇರಿಸಿದ್ದು ಎಕ್ಸ್‌ಪಿಯಲ್ಲಿ, ತುಂಗಾ ಫಾಂಟ್ ಜತೆಗೆ. 98ರಲ್ಲಿ ಪತ್ರಿಕೆ ತೆರೆದರೂ ಕಾಣುವುದು ಚೌಕಗಳೇ. ನುಡಿಯ ಹಳೇ ಫಾಂಟ್ ಹಾಕಿದರೂ ಉಪಯೋಗವಿಲ್ಲ, ಅದರ ಸಂಕೇತ ಬೇರೆ.

ಹಾಗಾಗಿ ನಮ್ಮ ಸಲಹೆ ಡಬ್ಲ್ಯುಆರ್‌ಪಿ (WRP) ಎಂಬ ಉಚಿತ ತಂತ್ರಾಂಶ. 2 ಜಿಬಿ ರ್‍ಯಾಮ್ ಇರುವ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ಅಥವಾ ಲಿನಕ್ಸ್ ಹಾಕಿದ ಹಳೇ ಲ್ಯಾಪ್‌ಟಾಪ್‌ನಲ್ಲಿ ಕ್ರೋಮಿಯಂ ಬ್ರೌಸರ್ ಜತೆ ಇದನ್ನು ಹಾಕಿ. ಪುಟವನ್ನು ಕ್ರೋಮಿಯಂ ತೆರೆಯುತ್ತದೆ, ಡಬ್ಲ್ಯುಆರ್‌ಪಿ ಅದನ್ನು ಗಿಫ್ ಚಿತ್ರವಾಗಿಸಿ 98ಕ್ಕೆ ಕಳಿಸುತ್ತದೆ, ಚಿತ್ರದ ಮೇಲೆ ಒತ್ತಿದ ಕಡೆ ಲಿಂಕ್ ತೆರೆಯುತ್ತದೆ. ಕನ್ನಡವೂ ಚಿತ್ರವಾಗಿಯೇ ಬರುವುದರಿಂದ 98ರಲ್ಲಿ ಫಾಂಟ್ ಬೇಕೇ ಆಗಿಲ್ಲ. ಆದರೆ ಪೈನಲ್ಲಿ ಇರಲೇಬೇಕು! ಡೆಬಿಯನ್ ಲಿನಕ್ಸಿನ ತಂತ್ರಾಂಶ ಭಂಡಾರದಲ್ಲಿ ಗುಬ್ಬಿ, ನವಿಲು ಫಾಂಟುಗಳಿವೆ, ಮರೆತರೆ ಚೌಕಗಳ ಚಿತ್ರ ಬರುತ್ತದೆ. ರೂಟರಿನಲ್ಲಿ ಪೈಗೆ ಒಂದೇ ವಿಳಾಸ ಕಾಯಂ ಮಾಡಿ. ಅದು 192.168.1.50 ಆಗಿದ್ದರೆ, ಬ್ರೌಸರಿನಲ್ಲಿ ಆ ಅಂಕಿಯ ಕೊನೆಗೆ :8080 ಸೇರಿಸಿ ತೆರೆಯಿರಿ. ಮಾನಿಟರ್ 800x600 ಇದ್ದರೆ ಚಿತ್ರದ ಅಗಲ 780ರ ಆಸುಪಾಸಿಗೆ ಇಳಿಸಿ, ಅಡ್ಡಕ್ಕೆ ಸರಿಸುವ ಕಾಟ ತಪ್ಪುತ್ತದೆ. ವಿಡಿಯೋ ಆಸೆ ಬಿಡಿ. 98ರಿಂದ ಪೈವರೆಗೆ ಎಲ್ಲವೂ ಗೂಢಲಿಪಿಯಿಲ್ಲದೆ ಹೋಗುವುದರಿಂದ ಪಾಸ್‌ವರ್ಡ್, ಬ್ಯಾಂಕ್ ವ್ಯವಹಾರ ಖಂಡಿತ ಬೇಡ.

ಪ್ರಶ್ನೆ: ಪ್ರಿಂಟಿಂಗ್ ಪ್ರೆಸ್‌ನ ಪುಟವಿನ್ಯಾಸದ ಪೇಜ್‌ಮೇಕರ್ ವಿಂಡೋಸ್ ಎಕ್ಸ್‌ಪಿ ಪಿಸಿಯಲ್ಲಿದೆ. ಫೈಲ್ ಮೇಲ್ ಮಾಡಲು ಅದಕ್ಕೇ ನೆಟ್ ಕೊಡಬಹುದೇ?
– ಹಾಸನದ ಓದುಗರು

ಉತ್ತರ: ಬೇಡ. 2014ರ ಏಪ್ರಿಲ್‌ನಲ್ಲೇ ಎಕ್ಸ್‌ಪಿಗೆ ಮೈಕ್ರೋಸಾಫ್ಟಿನ ಬೆಂಬಲ ನಿಂತಿತು. ರೂಟರಿನಲ್ಲಿ ಅದಕ್ಕೆ ಹೊರಗಿನ ಇಂಟರ್ನೆಟ್ ತಡೆದು, ಒಳಗಿನ ಲ್ಯಾನ್ ಮಾತ್ರ ಉಳಿಸಿ. ಫೋಲ್ಡರ್ ಷೇರ್ ಆಗುತ್ತಿಲ್ಲವೆಂದು ಹೊಸ ಪಿಸಿಯಲ್ಲಿ ಎಸ್‌ಎಂಬಿ 1 ಎಂಬ ಹಳೇ ಫೈಲ್ ಹಂಚಿಕೆ ವಿಧಾನವನ್ನು ಚಾಲೂ ಮಾಡುವವರಿದ್ದಾರೆ. ಫೈಲುಗಳಿಗೆ ಬೀಗ ಹಾಕಿ ಹಣ ಕೇಳುತ್ತಿದ್ದ 2017ರ ವಾನಾಕ್ರೈ ಕುತಂತ್ರಾಂಶ ಹರಡಿದ್ದು ಅದರ ದೋಷದಿಂದಲೇ. ಬದಲಿಗೆ ಹೊಸ ಪಿಸಿಯಲ್ಲಿ ಫೈಲ್ ಸಾಗಿಸುವ ಎಫ್‌ಟಿಪಿ ಸರ್ವರ್ ಹಾಕಿ, ಎಕ್ಸ್‌ಪಿಯಿಂದ ಫೈಲ್ ಅಲ್ಲಿಗೆ ಕಳಿಸಿ, ಮೇಲನ್ನು ಹೊಸ ಪಿಸಿಯಿಂದಲೇ ಮಾಡಿ. ಕಮಾಂಡ್ ಪ್ರಾಂಪ್ಟಿನ ಎಫ್‌ಟಿಪಿ ಬಳಸುವುದಾದರೆ ಕಳಿಸುವ ಮುಂಚೆ ಬೈನರಿ (binary) ಎಂಬ ಆಜ್ಞೆಯನ್ನು ಇಂಗ್ಲಿಷಿನಲ್ಲಿ ಕೊಡಿ. ಇಲ್ಲವಾದರೆ ಅದು ಫೈಲನ್ನು ಬರೀ ಅಕ್ಷರವೆಂದು ಭಾವಿಸಿ ಕಳಿಸುತ್ತದೆ, ಪೇಜ್‌ಮೇಕರ್ ಫೈಲ್ ಕೆಟ್ಟು ಮತ್ತೆ ತೆರೆಯದೇ ಹೋಗಬಹುದು.