ಹೆಂಡತಿಯ ದುಬೈ ರೆಸಿಡೆನ್ಸಿ ವೀಸಾಗೆ ಮದುವೆ ಸರ್ಟಿಫಿಕೇಟ್ ಅಟೆಸ್ಟ್ ಆಗೋದು ಯಾಕಿಷ್ಟು ತಡ?

ಸರ್ಟಿಫಿಕೇಟಿನ ಮೇಲಿರುವ ಕಲಬುರಗಿಯ ಉಪನೋಂದಣಾಧಿಕಾರಿಯ ಸಹಿ ಅಸಲಿಯೋ ನಕಲಿಯೋ ಎಂದು ದುಬೈನವರಿಗೆ ತಿಳಿಯುವ ದಾರಿಯಿಲ್ಲ, ಅದಕ್ಕೇ ತಡ. ಒಬ್ಬರ ಸಹಿಗೆ ಮೇಲಿನವರು ಸಾಕ್ಷಿ ಹೇಳುತ್ತಾ ಹೋಗಬೇಕು: ಮೊದಲು ಬೆಂಗಳೂರಿನಲ್ಲಿ ರಾಜ್ಯ ಸರ್ಕಾರ, ಆಮೇಲೆ ಕೇಂದ್ರದ ವಿದೇಶಾಂಗ ಸಚಿವಾಲಯ, ನಂತರ ಯುಎಇ ರಾಯಭಾರ ಕಚೇರಿ, ಕೊನೆಗೆ ಅಲ್ಲಿನ ವಿದೇಶಾಂಗ ಸಚಿವಾಲಯ. ಹಿಂದಿನ ಮುದ್ರೆ ಬೀಳದೆ ಮುಂದಿನದು ಬೀಳುವುದಿಲ್ಲ. ಹಾಗಾಗಿ ಎರಡು ಕಡೆ ಒಟ್ಟಿಗೇ ಓಡಾಡಿ ಪ್ರಯೋಜನವಿಲ್ಲ. ಸೌದಿಗೆ ಹೋಗುವವರಿಗೆ 2022ರ ಡಿಸೆಂಬರ್‌ನಿಂದ ಈ ದಾರಿ ಮೊಟಕಾಗಿದೆ: ನಮ್ಮ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್, ಅಂದರೆ ಸದಸ್ಯ ದೇಶಗಳೆಲ್ಲ ಒಪ್ಪುವ ಒಂದೇ ಮುದ್ರೆ, ಇದ್ದರೆ ರಾಯಭಾರ ಕಚೇರಿಗೆ ಹೋಗಬೇಕಿಲ್ಲ.

ತಡ ಹೆಚ್ಚದಂತೆ ನೋಡಿಕೊಳ್ಳಲು ನಿಮ್ಮ ಕೈಯಲ್ಲಿರುವುದು ಹೆಸರು ಸರಿಯಿದೆಯೇ ಎಂದು ನೋಡುವುದು. ಪಾಸ್‌ಪೋರ್ಟಿನಲ್ಲಿ ‘ಶರಣಬಸಪ್ಪ’ ಒಂದೇ ಪದ, ಸರ್ಟಿಫಿಕೇಟಿನಲ್ಲಿ ‘ಶರಣ ಬಸಪ್ಪ’ ಎಂದಿದ್ದರೂ ಕಾಗದ ಅರ್ಧದಾರಿಯಿಂದ ವಾಪಸ್ ಬರಬಹುದು; ಮತ್ತೆ ಮೊದಲಿಂದ ಶುರು. ಇಂಗ್ಲಿಷ್ ಅಕ್ಷರ, ತಂದೆಯ ಹೆಸರು, ಹುಟ್ಟಿದ ದಿನ ಎಲ್ಲವನ್ನೂ ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟು ನೋಡಿ, ತಪ್ಪಿದ್ದರೆ ಕಲಬುರಗಿಯಲ್ಲೇ ತಿದ್ದಿಸಿ ಕಳಿಸಿ. ಏಜೆಂಟ್‌ಗೆ ಕೊಟ್ಟಿದ್ದರೆ ‘ಆಗ್ತದ್ರಿ’ ಅನ್ನೋ ಮಾತಿಗೆ ಸುಮ್ಮನಾಗಬೇಡಿ. ಕಾಗದ ಈಗ ಯಾವ ಮೆಟ್ಟಿಲಲ್ಲಿದೆ ಎಂದು ಕೇಳಿ, ಆ ಕಚೇರಿಯ ರಸೀದಿ ತರಿಸಿಕೊಳ್ಳಿ.