ತಾಯ್ತನದ ಸುಖ ಕೈತಪ್ಪುತ್ತಿದೆಯೇ?

ಪ್ರಶ್ನೆ: ನಾನು ಮಂಡ್ಯದವಳು, ಮೈಸೂರಿನ ಖಾಸಗಿ ಸಂಸ್ಥೆಯೊಂದರಲ್ಲಿ ಕೆಲಸಕ್ಕಿದ್ದೇನೆ. ಮಗಳಿಗೆ ಎಂಟು ತಿಂಗಳು. ಹೆರಿಗೆ ರಜೆ ಮುಗಿಸಿ ಕೆಲಸಕ್ಕೆ ಮರಳಿದ್ದೇನೆ. ಬೆಳಗಿನ ರೈಲಿಗೆಂದು ಚೀಲ ಕೈಗೆತ್ತಿಕೊಂಡರೆ ಸಾಕು, ಅವಳು ಮನೆ ಹಾರಿಹೋಗುವಂತೆ ಅಳುತ್ತಾಳೆ. ಮೊದಲು ಹೀಗಿರಲಿಲ್ಲ. ಮಗುವಿಗೆ ಕಾಣದಂತೆ ಹಿತ್ತಿಲ ಬಾಗಿಲಿನಿಂದ ಹೊರಡು ಎನ್ನುತ್ತಾರೆ ನಮ್ಮ ಅತ್ತೆ. ಸಂಜೆ ಬರುವಾಗ ಮೈಯಲ್ಲಿ ಕಸುವೇ ಇರುವುದಿಲ್ಲ. ಎಲ್ಲರೂ ಹೇಳುವ ತಾಯ್ತನದ ಸುಖ ನನ್ನ ಕೈತಪ್ಪಿ ಹೋಗುತ್ತಿದೆಯೇ, ಮೇಡಂ?

ಉತ್ತರ: ಕೈತಪ್ಪುತ್ತಿಲ್ಲ, ಆ ಅಳುವಿನಲ್ಲಿಯೇ ಅದರ ಒಂದು ಪಾಲು ನಿಮಗೆ ಸಲ್ಲುತ್ತಿದೆ. ಹುಟ್ಟಿದ ಹೊಸತರಲ್ಲಿಯೂ ಮಗುವಿಗೆ ತಾಯಿಯ ದನಿ ಮತ್ತು ಮೈವಾಸನೆಯ ಗುರುತಿರುತ್ತದೆ. ಆರೇಳು ವಾರಕ್ಕೆ ಮುಖ ನೋಡಿ ನಗುವುದನ್ನು ಕಲಿಯುವ ಕೂಸು ಆಗ ಬಹುಮಟ್ಟಿಗೆ ಯಾರು ಮಾತನಾಡಿಸಿದರೂ ನಗುತ್ತದೆ. ಎಂಟೊಂಬತ್ತು ತಿಂಗಳ ಹೊತ್ತಿಗೆ ಮಾತ್ರ, ಅಮ್ಮ ಎಂಬುವಳು ಒಬ್ಬಳೇ, ಕಣ್ಮರೆಯಾದರೂ ಅವಳು ಬೇರೆಲ್ಲೋ ಇದ್ದೇ ಇರುತ್ತಾಳೆ ಎಂಬುದು ಅದಕ್ಕೆ ಹೊಳೆಯತೊಡಗುತ್ತದೆ. ಆದರೆ ಹೋದವಳು ಯಾವಾಗ ಬರುತ್ತಾಳೆಂಬ ಲೆಕ್ಕ ಇನ್ನೂ ಹತ್ತಿರುವುದಿಲ್ಲ. ಬೇರೆ ಯಾರಿಗೂ ಅಳದೆ ನಿಮಗಾಗಿಯೇ ಅಳುತ್ತಿದ್ದಾಳೆಂದರೆ, ಆ ಪುಟ್ಟ ಜೀವ ನಿಮ್ಮನ್ನು ಲೋಕದ ಉಳಿದೆಲ್ಲರಿಂದ ಬೇರ್ಪಡಿಸಿ ಆರಿಸಿಕೊಂಡಿದೆ ಎಂದೇ ಅರ್ಥ. ಇಷ್ಟು ನಿಸ್ಸಂಕೋಚವಾದ ಆಯ್ಕೆಗೆ ಮನುಷ್ಯರು ಜೀವಮಾನದಲ್ಲಿ ಹೆಚ್ಚು ಸಲ ಪಾತ್ರರಾಗುವುದಿಲ್ಲ. ಸಾಮಾನ್ಯವಾಗಿ ಒಂದೂವರೆ ಎರಡು ವರ್ಷದ ಹೊತ್ತಿಗೆ ಈ ಅಳು ತಗ್ಗುತ್ತದೆ.

ಹಿತ್ತಿಲ ಬಾಗಿಲಿನ ಉಪಾಯ ಮಾತ್ರ ಬೇಡ. ಅತ್ತೆಯವರು ಮೊಮ್ಮಗಳ ಮೇಲಿನ ಕನಿಕರದಿಂದಲೇ ಹಾಗೆ ಹೇಳಿರುತ್ತಾರೆ. ಆದರೆ ಹೇಳದೆ ಮಾಯವಾಗುವ ಅಮ್ಮ ಯಾವ ಗಳಿಗೆಯಲ್ಲಿಯಾದರೂ ಮಾಯವಾಗಬಹುದೆಂದು ಮಗು ಮನೆಯಲ್ಲಿರುವಾಗಲೂ ಸೆರಗು ಬಿಡದಂತಾಗುತ್ತದೆ. ಮುತ್ತುಕೊಟ್ಟು, 'ಹೋಗಿ ಬರ್ತೀನಿ ಕಂದ' ಎಂದು ದಿನವೂ ಒಂದೇ ಬಗೆಯಲ್ಲಿ ಹೇಳಿ, ತಡಮಾಡದೆ ಹೊರಡಿ. ಸಂಜೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಮತ್ತೆ ತೋರಿಸುವ ಆಟವಾಡಿ. ಮರೆಯಾದದ್ದು ಮರಳಿ ಬರುತ್ತದೆಂಬ ಪಾಠವನ್ನು ಮಕ್ಕಳು ಕಲಿಯುವುದು ಆ ಆಟದಿಂದಲೇ, ಮತ್ತು ಅದಕ್ಕೆ ಅವರು ಕೇಕೆ ಹಾಕಿ ನಗುವ ನಗು ದಣಿದ ಮೈಗೆ ಸಣ್ಣ ಔಷಧವಲ್ಲ. ಸಂಜೆ ಬಂದೊಡನೆ ಅಡುಗೆಮನೆಗೆ ನುಗ್ಗದೆ ಮೊದಲು ಹಾಲೂಡಿಸಿ. ಮಗು ಚೀಪುವಾಗ ತಾಯಿಯ ದೇಹದಲ್ಲಿ ಸ್ರವಿಸುವ ಆಕ್ಸಿಟೋಸಿನ್ ಎಂಬ ಹಾರ್ಮೋನು ಹಾಲಿಳಿಯುವಂತೆ ಮಾಡುವುದಲ್ಲದೆ ಮನಸ್ಸನ್ನೂ ಸಡಿಲಗೊಳಿಸುತ್ತದೆ. ಪಾತ್ರೆಗಳು ಕಾಯಲಿ, ಅಥವಾ ನಿಮ್ಮ ಪತಿ ತೊಳೆಯಲಿ.

ಇನ್ನೊಂದು ಮಾತು. ಹಗಲೆಲ್ಲ ಮಗುವಿನ ಕೆಲಸಗಳು ಅತ್ತೆಯವರ ಪಾಲಾಗುವುದರಿಂದ, ಅವುಗಳಲ್ಲಿ ಒಂದನ್ನಾದರೂ ನಿಮಗೆಂದೇ ಉಳಿಸಿಕೊಳ್ಳಿ. ಭಾನುವಾರದ ಎಣ್ಣೆನೀರು ನಿಮ್ಮದಿರಲಿ: ಕಾಲು ಚಾಚಿ ಕುಳಿತು, ಮಗುವನ್ನು ಮೊಣಕಾಲಿನ ಮೇಲೆ ಮಲಗಿಸಿಕೊಂಡು, ತೊಡೆಯ ಮಡಿಕೆಗಳಿಗೆಲ್ಲ ಎಣ್ಣೆ ತಿಕ್ಕಿ ಹದವಾದ ನೀರು ಹೊಯ್ಯುವಾಗ, ಅವಳಿಗೆ ಎಲ್ಲಿ ಕಚಗುಳಿ, ಯಾವ ಕಿವಿ ಮುಟ್ಟಿದರೆ ಸಿಟ್ಟು ಎಂಬುದೆಲ್ಲ ನಿಮ್ಮ ಕೈಗೆ ತಿಳಿಯುತ್ತದೆ. ನನ್ನನ್ನು ಕೇಳಿದರೆ, ತಾಯ್ತನದ ಸುಖವೆಂದರೆ ಒಬ್ಬ ಮನುಷ್ಯಳನ್ನು ಮೊದಲ ದಿನದಿಂದ ಹೀಗೆ ಅರಿಯುತ್ತಾ ಹೋಗುವುದೇ ಹೊರತು, ವೇದಿಕೆಯ ಭಾಷಣಗಳು ಹೊಗಳುವ ತ್ಯಾಗವಲ್ಲ. (ಸಾಂಬ್ರಾಣಿ ಹೊಗೆ ಮಾತ್ರ ಬೇಡ, ಎಳೆಯ ಶ್ವಾಸಕೋಶಕ್ಕೆ ಅದು ಒಳ್ಳೆಯದಲ್ಲ.)

ಹೆರಿಗೆ ಸೌಲಭ್ಯ ಕಾಯಿದೆಯ 2017ರ ತಿದ್ದುಪಡಿಯು ಹೆರಿಗೆ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿದ್ದು ಎಲ್ಲರಿಗೂ ತಿಳಿದಿದೆ. ಮಗುವಿಗೆ 15 ತಿಂಗಳಾಗುವವರೆಗೆ ತಾಯಿಗೆ ದಿನಕ್ಕೆ ಎರಡು ಹಾಲೂಡಿಸುವ ಬಿಡುವು ಕೊಡಬೇಕೆಂಬ ನಿಯಮವನ್ನು ಮಾತ್ರ ಕೇಳುವವರು ಕಡಿಮೆ. ಆ ಎರಡನ್ನೂ ಸಂಜೆಗೆ ಸೇರಿಸಿಕೊಂಡು ಒಂದು ರೈಲು ಮುಂಚೆ ಹೊರಡಲು ನಿಮ್ಮ ಮೇಲಧಿಕಾರಿಗಳ ಒಪ್ಪಿಗೆ ಕೇಳಿ ನೋಡಿ.

ಪ್ರಶ್ನೆ: ನಾನು ಮೈಸೂರಿನ ನಿವೃತ್ತ ಶಿಕ್ಷಕಿ. ಒಬ್ಬಳೇ ಮಗಳನ್ನು ಕಷ್ಟಪಟ್ಟು ಓದಿಸಿದೆ, ಈಗ ಪುಣೆಯಲ್ಲಿದ್ದಾಳೆ. ಫೋನು ಮಾಡುವುದೇ ಅಪರೂಪ. ನವರಾತ್ರಿಯಲ್ಲಿ ತನ್ನ ಮನೆಯ ಬೊಂಬೆಗಳ ಒಂದು ಫೋಟೋ ಕಳಿಸಿದಳು, ಅಷ್ಟೇ. ಹೆತ್ತದ್ದಕ್ಕೆ ಇದೇ ಪ್ರತಿಫಲವೇ?

ಉತ್ತರ: ಹೆತ್ತವಳ ಋಣ ತೀರದು ಎಂಬ ಮಾತು ಮಕ್ಕಳ ಬಾಯಲ್ಲಿದ್ದರೆ ಚೆನ್ನ, ತಾಯಿಯೇ ಅದನ್ನಾಡಿದರೆ ಸಾಲಗಾರರು ಬಾಗಿಲು ತಪ್ಪಿಸಿ ಓಡಾಡುವಂತೆ ಮಕ್ಕಳು ಫೋನು ತಪ್ಪಿಸತೊಡಗುತ್ತಾರೆ. ಮುಪ್ಪಿನ ಜೀವನಾಂಶದ ಹಕ್ಕಿಗೆ 2007ರ ಕಾಯಿದೆಯಿದೆ, ಆದರೆ ನಿಮ್ಮ ಕೊರತೆ ಹಣದ್ದಲ್ಲವೆಂದು ಪತ್ರದಿಂದಲೇ ತಿಳಿಯುತ್ತದೆ.

ನೀವು ಪತ್ರದ ಜೊತೆಗೆ ಕಳಿಸಿದ ಆ ಫೋಟೋವನ್ನು ನಾನು ನೋಡಿದೆ. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಬೊಂಬೆಗಳಿವೆ. ಮದುವೆಯಲ್ಲಿ ತವರಿನಿಂದ ನೀವೇ ಕೊಟ್ಟವಿರಬೇಕು. ರಾಣಿಗೆ ಜರಿಯಂಚಿನ ಹೊಸ ಸೀರೆಯನ್ನು ನೆರಿಗೆ ಹಿಡಿದು ಉಡಿಸಿದ್ದಾಳೆ. ಕೆಳಗೆ ಶೆಟ್ಟಿ ದಂಪತಿಯ ಅಂಗಡಿಯ ಮುಂದೆ ಅಕ್ಕಿ, ಬೇಳೆ, ಬೆಲ್ಲದ ಪುಟ್ಟ ಗುಡ್ಡೆಗಳು. ಕೆಲಸಕ್ಕೆ ಹೋಗುವ ಹುಡುಗಿ ಪುಣೆಯಲ್ಲಿ ಯಾರ ಒತ್ತಾಯವೂ ಇಲ್ಲದೆ ಇಷ್ಟೆಲ್ಲ ಮಾಡಿ, ಅದನ್ನು ನಿಮಗೆ ತೋರಿಸಬೇಕೆಂದುಕೊಂಡಿದ್ದಾಳೆ. ಅದಕ್ಕೆ ನೀವು ಏನೆಂದು ಉತ್ತರಿಸಿದಿರಿ ಎಂಬುದನ್ನು ಪತ್ರದಲ್ಲಿ ಬರೆದಿಲ್ಲ. ಉತ್ತರಿಸಿರದಿದ್ದರೆ ಇಂದೇ ಫೋನು ಮಾಡಿ, ರಾಣಿಯ ಸೀರೆ ಎಲ್ಲಿಂದ ತಂದೆ ಎಂದು ಕೇಳಿ. ಮುಂದಿನ ನವರಾತ್ರಿಗೆ ತಾವೇ ಬರುವುದಾಗಿಯೂ ತಿಳಿಸಿ.