ಆರ್ಥಿಕ ಹಿಂಜರಿತ ಬಂದರೆ ಕಚ್ಚಾ ತೈಲ ಅಗ್ಗವಾಗುತ್ತದೆ, ಅಲ್ವಾ? ಹಾಗಾದರೆ ಕಾರವಾರದಲ್ಲಿ ಬೋಟಿನ ಡೀಸೆಲ್ ಯಾಕೆ ಇಳಿಯುವುದಿಲ್ಲ?

ಅಗ್ಗವಾಗುವುದು ನಿಜ. ಕಾರ್ಖಾನೆ, ಲಾರಿ, ವಿಮಾನ ಎಲ್ಲ ನಿಧಾನವಾದರೆ ಎಣ್ಣೆ ಕೊಳ್ಳುವವರು ಕಡಿಮೆ, ಆದರೆ ಬಾವಿಗಳನ್ನು ನಲ್ಲಿ ತಿರುಗಿಸಿದಂತೆ ನಿಲ್ಲಿಸಲು ಆಗುವುದಿಲ್ಲ. ಹಾಗಾಗಿ ಬೆಲೆ ದಢಾರನೆ ಬೀಳುತ್ತದೆ. 2008ರ ಜುಲೈನಲ್ಲಿ ಬ್ಯಾರೆಲ್‌ಗೆ 147 ಡಾಲರ್ ತನಕ ಏರಿದ್ದು ಡಿಸೆಂಬರ್ ಹೊತ್ತಿಗೆ 40ಕ್ಕಿಂತ ಕೆಳಗೆ ಬಂತು. 2020ರ ಏಪ್ರಿಲ್ 20ರಂದು ಅಮೆರಿಕದಲ್ಲಿ ಎಣ್ಣೆ ತುಂಬಿಡಲು ಜಾಗವೇ ಸಿಗದೆ, ಬೆಲೆ ಸೊನ್ನೆಗಿಂತ 37 ಡಾಲರ್ ಕೆಳಗೆ ಹೋಗಿತ್ತು, ಅಂದರೆ ಮಾರುವವರೇ ದುಡ್ಡು ಕೊಟ್ಟು ಎಣ್ಣೆ ಸಾಗಹಾಕಬೇಕಾಯಿತು!

ಮೊದಲು ಪೆಟ್ಟು ತಿನ್ನುವುದು ಸಾಲ ಮಾಡಿ ಬಾವಿ ಕೊರೆದ ಅಮೆರಿಕದ ಶೇಲ್ ಕಂಪನಿಗಳು, ಅಂದರೆ ನೆಲದಾಳದ ಬಂಡೆ ಪದರ ಬಿರುಕುಗೊಳಿಸಿ ಎಣ್ಣೆ ತೆಗೆಯುವವರು. ಸೌದಿಗೆ ಎಣ್ಣೆ ತೆಗೆಯುವ ಖರ್ಚು ತೀರಾ ಕಮ್ಮಿ, ಆದರೆ ಸರ್ಕಾರದ ಬಜೆಟ್ ನಡೆಯುವುದೇ ಎಣ್ಣೆ ದುಡ್ಡಿನಿಂದ. ಅದಕ್ಕೇ ಸೌದಿ ಇರುವ ಎಣ್ಣೆ ರಫ್ತು ದೇಶಗಳ ಕೂಟ ಒಪೆಕ್ ಮತ್ತು ರಷ್ಯಾ ಸೇರಿ 2020ರ ಮೇನಲ್ಲಿ ದಿನಕ್ಕೆ 97 ಲಕ್ಷ ಬ್ಯಾರೆಲ್ ಉತ್ಪಾದನೆ ಕಡಿತ ಮಾಡಿದರು. ಹೊಸ ಬಾವಿಗೆ ಆಗ ಯಾರೂ ದುಡ್ಡು ಹಾಕುವುದಿಲ್ಲ, ಆದ್ದರಿಂದ ಬೇಡಿಕೆ ಮರಳಿದಾಗ ಬೆಲೆ ಜೋರಾಗಿ ಏರುತ್ತದೆ.

ಇನ್ನು ನಮ್ಮ ಡೀಸೆಲ್. ಅದೇ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಲೀಟರ್‌ಗೆ 13 ರೂಪಾಯಿ ಸುಂಕ ಏರಿಸಿತು. ಇಳಿದ ಲಾಭ ಅಲ್ಲಿಗೇ ಹೋಯಿತು. ಕಾರವಾರದ ಮೀನುಗಾರಿಕೆ ಬಂದರು ಬೈತಖೋಲದ ಬೋಟಿನವರಿಗೆ ಅದು ತಲುಪಬೇಕಿತ್ತು ಅಂತ ನನಗೆ ಈಗಲೂ ಅನಿಸುತ್ತದೆ.

ಒಂದು ಮಾತು, ಎಣ್ಣೆ ಅಗ್ಗವಾದರೆ ನಮಗೆ ಬರೀ ಲಾಭ ಅಂತಲೂ ಅಲ್ಲ. ಗಲ್ಫ್‌ನಲ್ಲಿ ಕೆಲಸ ಕಡಿಮೆಯಾದರೆ ಭಟ್ಕಳದ ಎಷ್ಟೋ ಮನೆಗಳಿಗೆ ಬರುವ ಹಣವೂ ಕಡಿಮೆಯಾಗುತ್ತದೆ.